ಮೂವತ್ತು ಎಣಿಸುವವರೆಗೆ

ಹಡಗು ಹತ್ತುವ ಮುನ್ನ ತಮ್ಮ ನನಗೆ ಮೂರು ವಸ್ತುಗಳನ್ನು ಒಪ್ಪಿಸಿದ: ಅವನ ಹಳೆಯ ಟ್ಯಾಬ್, ಒಂದು ಹೆಡ್‌ಫೋನ್, ಮತ್ತು ಒಂದು ದೇಶದ ಶಾಸಕ ಸ್ಥಾನ.

“ದೇಶಾನಾ?” ಎಂದೆ.

“ಆಟದ ದೇಶ ಕಣಕ್ಕಾ. ಏಳುಗುಡ್ಡ ಗಣರಾಜ್ಯ. ಕಲ್ಲಿನ ಮೇಲೆ ಕಲ್ಲಿಟ್ಟು ಊರು ಕಟ್ತೀವಿ, ಕಾನೂನೂ ಮಾಡ್ತೀವಿ. ಹನ್ನೊಂದು ಜನ ಸದಸ್ಯರು, ನಂದು ಏಳನೇ ಪೀಠ. ನಡುನೀರಲ್ಲಿ ನಂಗೆ ನೆಟ್ ಸಿಗಲ್ಲ, ನಾಲ್ಕು ತಿಂಗಳು ನೀನೇ ಬದಲಿ ಸದಸ್ಯೆ. ಭಾನುವಾರ ಸಾಯಂಕಾಲ ನಾಲ್ಕಕ್ಕೆ ಹೋಗಿ ಕೂತ್ಕೋ.”

“ಕೂತ್ಕೊಂಡು ಏನು ಮಾಡ್ಲಿ?”

“ಕೇಳ್ತಾ ಇರು. ಅದೊಂದು ನಿಂಗೆ ಚೆನ್ನಾಗಿ ಬರುತ್ತಲ್ಲ.”

ಅವನು ಸರಕು ಹಡಗಿನ ಅಡುಗೆಯವನು, ಮಾತಿಗೂ ಒಂದು ಚಿಟಿಕೆ ಖಾರ ಹಾಕಿಯೇ ಬಡಿಸುತ್ತಾನೆ. ಆದರೆ ಹೇಳಿದ್ದು ಸುಳ್ಳಲ್ಲ. ನಾವಿಬ್ಬರೂ ಅಮ್ಮನ ಪದ್ಯ ಕೇಳಿಕೊಂಡೇ ಬೆಳೆದವರು. ದಿನಾ ಸಾಯಂಕಾಲ ದೇವರ ಮುಂದೆ ದೀಪ ಹಚ್ಚಿ ಅಮ್ಮ ರಾಗವಾಗಿ ಓದುತ್ತಿದ್ದಳು. ಅಕ್ಕಪಕ್ಕದವರು ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ತಮ್ಮ ನಡುನಡುವೆ ಎದ್ದು ಓಡುತ್ತಿದ್ದ, ನಾನು ಕದಲುತ್ತಿರಲಿಲ್ಲ. ಅಮ್ಮನದೊಂದು ಕಟ್ಟಳೆಯಿತ್ತು: “ಪದ್ಯ ಮುಗಿದ್ಮೇಲೂ ಅದು ಸ್ವಲ್ಪ ಹೊತ್ತು ಇಲ್ಲೇ ಓಡಾಡ್ತಿರುತ್ತೆ. ಅದು ಹೊರಡೋವರೆಗೆ ಯಾರೂ ಬಾಯಿ ಬಿಡಬಾರದು.” ಆ ಮೌನದಲ್ಲಿ ದೀಪದ ಬತ್ತಿ ಚಟಪಟ ಎನ್ನುವುದೂ ಕೇಳಿಸುತ್ತಿತ್ತು. ಪದ್ಯಕ್ಕಿಂತ ನನಗೆ ಅದೇ ಹೆಚ್ಚು ಪ್ರಿಯವಾಗಿತ್ತೇನೋ.

ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿ ಹೋಯಿತು. ಕೇಳುವವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅಮ್ಮ ಈಗ ಒಂದು ಸ್ಲೇಟಿನಲ್ಲಿ ಬರೆದು ಮಾತಾಡುತ್ತಾಳೆ. ತಮ್ಮನ ಬಳಿ ಅವಳ ದನಿಯ ಹಳೆಯ ರೆಕಾರ್ಡುಗಳಿದ್ದವು. ಅವನು ಆ ಆಟದ ದೇಶದಲ್ಲಿ, ನದಿಯ ತಿರುವಿನಲ್ಲಿ, ಬೂದು ಕಲ್ಲಿನಿಂದ ಒಂದು ಮಂಟಪ ಕಟ್ಟಿದ. ಅದರೊಳಗೆ ಯಾರು ಕಾಲಿಟ್ಟರೂ ಅಮ್ಮನ ದನಿ ಕೇಳುತ್ತದೆ. ಎಲ್ಲೆಲ್ಲಿಯವರೋ, ಆಟದ ಗೊಂಬೆಗಳ ವೇಷದಲ್ಲಿ, ಬಕೆಟ್ ತಲೆಯವರು, ನರಿ ಮುಖದವರು, ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ದೀಪ ಹಚ್ಚಿದ ಮೇಲೆ ಅಮ್ಮ ಟ್ಯಾಬನ್ನು ದಿಂಬಿಗೆ ಒರಗಿಸಿ ಆ ತಲೆಗಳನ್ನು ಎಣಿಸುತ್ತಾಳೆ. ‘ಇವತ್ತು ನಾಲ್ಕು’ ಎಂದು ಸ್ಲೇಟಿನಲ್ಲಿ ಬರೆದು ನನಗೆ ತೋರಿಸುತ್ತಾಳೆ. ನಾಲ್ಕು ಇದ್ದ ದಿನ ಊಟ ಸರಿಯಾಗಿ ಮಾಡುತ್ತಾಳೆ.

ತಮ್ಮ ಹೋಗಿ ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಸದನಕ್ಕೆ ರಜೆ. ನಾನು ಹೋದ ಮೊದಲ ಭಾನುವಾರವೇ ಅದು ನಡೆಯಿತು.

ಸಭಾಪತಿಯ ಕತ್ತಿನ ಮೇಲೆ ಕುಂಬಳಕಾಯಿಯಿತ್ತು. ದನಿ ಮಾತ್ರ ಬಹಳ ಮೃದು. ನಿಜ ಬದುಕಿನಲ್ಲಿ ಅವರು ಹಲ್ಲಿನ ಡಾಕ್ಟರು ಎಂದು ಆಮೇಲೆ ತಿಳಿಯಿತು.

“ವಾರವೆಲ್ಲ ಜನರ ಬಾಯಿ ತೆಗೆಸ್ತೀನಿ,” ಎಂದರು ಅವರು, “ಇಲ್ಲಿ ನೋಡಿದ್ರೆ ಯಾರೂ ಬಾಯೇ ತೆಗೆಯಲ್ಲ. ಕೋರಂ ಇದೆಯಾ?”

“ಕ್ರಿಯಾಲೋಪ!” ಎಂದು ಯಾರೋ ಕೂಗಿದರು. ಯಾರೋ ಬಿದ್ದರೇನೋ ಎಂದು ನಾನು ಬೆಚ್ಚಿದೆ. ಕ್ರಮ ತಪ್ಪಿತು ಎಂದು ಅದರರ್ಥ; ಹಿಂದಿನ ಸಭೆಯ ನಡಾವಳಿ ಒಪ್ಪದೆ ಕೋರಂ ಕೇಳುವ ಹಾಗಿಲ್ಲವಂತೆ. ಕೋರಂ ಇಲ್ಲದೆ ನಡಾವಳಿ ಒಪ್ಪುವ ಹಾಗಿಲ್ಲ ಎಂದು ಇನ್ನೊಬ್ಬರು. ಇಬ್ಬರೂ ಸರಿಯೆಂದು ಸಭಾಪತಿ ತೀರ್ಪು ಕೊಟ್ಟು ಮುಂದಕ್ಕೆ ಹೋದರು. ಹೇಗೆ ಹೋದರು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಮೂರನೇ ಪೀಠದ ಸದಸ್ಯನ ಹೆಸರು ಗರಗಸ. ಹೊರಗಿನ ಕೆಲಸ, ಕ್ರೇನ್ ನಡೆಸುವುದು. ಅವನು ಒಂದು ವಿಧೇಯಕ ತಂದಿದ್ದ. ಅದನ್ನು ಮೂರು ಭಾನುವಾರ ಮೂರು ಸಲ ಓದಬೇಕು, ಮೂರನೆಯ ಓದಾದರೆ ಅದೇ ಕಾನೂನು. ಸಭಾಪತಿ ಓದತೊಡಗಿದರು. ಎಷ್ಟು ಚೆನ್ನಾಗಿ ಓದಿದರು! ಅವಸರವಿಲ್ಲ, ಎಲ್ಲಿ ಉಸಿರು ತೆಗೆಯಬೇಕೋ ಅಲ್ಲಿಯೇ ತೆಗೆದರು. ‘ಯಾವುದೇ ನಿವೇಶನದ ಒಡೆಯರು ಅರವತ್ತು ದಿನ ಯಾವ ಚಟುವಟಿಕೆಯನ್ನೂ ತೋರದಿದ್ದಲ್ಲಿ, ಸದರಿ ಕಟ್ಟಡವನ್ನು ತೆರವುಗೊಳಿಸತಕ್ಕದ್ದು...’ ನನಗೆ ಕಣ್ಣು ಮುಚ್ಚಿಹೋಯಿತು. ಅರ್ಥದ ಕಡೆಗೆ ಮನಸ್ಸು ಹೋಗಲೇ ಇಲ್ಲ. ಓದು ನಿಂತಿತು. “ಆಕ್ಷೇಪ?” ಎಂದರು. ಗೋಡೆಯ ಮೇಲೆ ಅಂಕಿಗಳು ಮೂವತ್ತರಿಂದ ಕೆಳಗಿಳಿಯತೊಡಗಿದವು. ಓದಿದ್ದು ಇನ್ನೂ ಅಲ್ಲೇ ಓಡಾಡುತ್ತಿತ್ತು. ಅದು ಹೊರಡಲಿ ಎಂದು ನಾನು ಕೈಕಟ್ಟಿ ಕುಳಿತೆ.

ಗಂಟೆ ಹೊಡೆಯಿತು. “ಅವಿರೋಧವಾಗಿ ಅಂಗೀಕಾರ,” ಎಂದರು ಸಭಾಪತಿ.

“ಏಳನೇ ಪೀಠಕ್ಕೆ ದೊಡ್ಡ ನಮಸ್ಕಾರ,” ಎಂದ ಗರಗಸ. “ನಿಮ್ಮ ಮಂಟಪಾನೇ ಮೊದಲು ಬೀಳೋದು, ಅಲ್ಲೇ ರೈಲ್ವೆ ಸ್ಟೇಷನ್ ಬರೋದು. ಆದ್ರೂ ಒಪ್ಕೊಂಡ್ರಲ್ಲ ತಾಯಿ!”

“ನಾನು ಏನೂ ಹೇಳ್ಲೇ ಇಲ್ವಲ್ಲಪ್ಪ.”

“ಅದಕ್ಕೇ ಅಲ್ವಾ ನಮಸ್ಕಾರ!”

ಆ ಸದನದಲ್ಲಿ ಸುಮ್ಮನಿರುವುದೆಂದರೆ ಒಪ್ಪಿಗೆ. ನಾನು ನಲವತ್ತು ವರ್ಷದಿಂದ ಕಲಿತದ್ದೆಲ್ಲ ಅರ್ಧ ನಿಮಿಷದಲ್ಲಿ ನನ್ನ ಕುತ್ತಿಗೆಗೇ ಬಂದಿತ್ತು.

“ಹಾಗಾದ್ರೆ ಈಗ ಬೇಡ ಅಂತೀನಿ,” ಎಂದೆ.

“ಬೇಡ ಅನ್ನೋದು ಮೊದಲ ಓದಿನಲ್ಲಿ ಮಾತ್ರ, ಆ ಹೊತ್ತು ಮುಗೀತಲ್ಲಮ್ಮ,” ಸಭಾಪತಿಯ ದನಿಯಲ್ಲಿ ನಿಜವಾದ ಸಂಕಟವಿತ್ತು. “ಬರೋ ಭಾನುವಾರ ತಿದ್ದುಪಡಿ ತರಬಹುದು. ನಿಯಮದ ಪುಸ್ತಕ ನೋಡಿ.”

ಅಮ್ಮ ಸ್ಲೇಟು ಹಿಡಿದು ಎದುರು ಬಂದಳು: ‘ಏನಾಯಿತು?’

“ರೈಲು ಬರುತ್ತಂತೆ,” ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಫ್ರೇಮನ್ನು ಬಿಸಿ ಮರಳಿನಲ್ಲಿ ಹುದುಗಿಸಿ, ಅದು ಮೆತ್ತಗಾಗುವವರೆಗೆ ಕಾಯಬೇಕು. ಮುಂದಿನ ಮೂರು ದಿನ ಕಾಯುವ ಆ ಹೊತ್ತಿನಲ್ಲಿ ನಿಯಮದ ಪುಸ್ತಕ ಓದಿದೆ. ಎಂಬತ್ತನಾಲ್ಕು ನಿಯಮ. ತಿದ್ದುಪಡಿಯ ವಿಷಯ ನಲವತ್ತೊಂದರಲ್ಲಿದೆ. ಅದು ಹದಿನೇಳನ್ನು ನೋಡಿ ಎನ್ನುತ್ತದೆ. ಹದಿನೇಳು ಅರವತ್ತಮೂರಕ್ಕೆ ಕಳಿಸುತ್ತದೆ. ಅರವತ್ತಮೂರನ್ನು ತೆಗೆದುಹಾಕಲಾಗಿದೆ, ವಿವರಕ್ಕೆ ನಲವತ್ತೊಂದನ್ನು ನೋಡಿ. ಎರಡು ಫ್ರೇಮುಗಳ ಕಿವಿಕಡ್ಡಿ ಸುಟ್ಟು ಸೊಟ್ಟಗಾದವು.

“ಏನಮ್ಮಾ, ಎಲೆಕ್ಷನ್ನಿಗೆ ನಿಲ್ತೀಯಾ?” ಎಂದರು ಅಂಗಡಿಯ ಯಜಮಾನರು.

“ಗೆದ್ದಾಗಿದೆ ಸಾರ್. ಮನೆ ಉಳಿಸ್ಕೊಳ್ಳೋದೇ ಕಷ್ಟ ಆಗಿದೆ.”

ಅವರು ನನ್ನ ಮುಖ ನೋಡಿ ಮರಳಿನ ಬಿಸಿ ಕಡಿಮೆ ಮಾಡಿ ಹೋದರು.

ಕೊನೆಗೆ ಗೊತ್ತಾದದ್ದು ಇಷ್ಟು. ವಿಧೇಯಕದ ಎರಡನೇ ಖಂಡದಲ್ಲಿ ಚಟುವಟಿಕೆ ಎಂದರೇನೆಂದು ಬರೆದಿದೆ: ಕಲ್ಲು ಇಡುವುದು, ಕಲ್ಲು ತೆಗೆಯುವುದು, ಸಾಮಾನು ಬದಲಾಯಿಸಿಕೊಳ್ಳುವುದು. ತಮ್ಮನ ಪರವಾಗಿ ನಾನು ದಿನಾ ಮಂಟಪಕ್ಕೆ ಹೋಗುತ್ತಿದ್ದೆ ನಿಜ, ಆದರೆ ಕೂತು ಕೇಳಿದ್ದಲ್ಲದೆ ಇನ್ನೇನೂ ಮಾಡಿರಲಿಲ್ಲ. ಈಗ ಓಡಿಹೋಗಿ ಒಂದು ಕಲ್ಲಿಟ್ಟರೂ ಆಗದು, ಮೊದಲ ಸಲ ವಿಧೇಯಕ ಬಂದ ದಿನದಿಂದ ಹಿಂದಕ್ಕೇ ಅರವತ್ತು ದಿನ ಎಣಿಸುತ್ತಾರೆ, ಆಮೇಲೆ ಪ್ರತಿ ಅರವತ್ತು ದಿನಕ್ಕೊಮ್ಮೆ.

ಬುಧವಾರ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡುವುದು ಆಗಲಿಲ್ಲ. ಅಮ್ಮ ಬಹಳ ಹೊತ್ತು ಸ್ಲೇಟನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಆಮೇಲೆ ಬರೆದಳು: ‘ಕೇಳುವುದು ಕೆಲಸ ಅಲ್ಲವಾ?’

ನಾನು ಅದನ್ನೇ ನಕಲು ಮಾಡಿದೆ. ‘ಚಟುವಟಿಕೆ ಎಂಬುದರಲ್ಲಿ, ಯಾವುದೇ ಕಟ್ಟಡದೊಳಗೆ ಕಾಲು ಗಂಟೆ ಕೂತು ಕೇಳುವುದೂ ಸೇರತಕ್ಕದ್ದು.’ ಎರಡು ದಿನ ಮೊದಲೇ ಕಳಿಸಬೇಕಿತ್ತು, ಗುರುವಾರವೇ ಕಳಿಸಿದೆ. ಅನುಮೋದಕರು ಒಬ್ಬರು ಬೇಕಿತ್ತು. ಒಂಬತ್ತನೇ ಪೀಠದ ಬಾತುಕೋಳಿ ಒಪ್ಪಿದಳು. ಅವಳು ಶಾಲೆಯ ಟೀಚರು. “ಕೇಳೋದು ಕೆಲಸವೇ ಅಕ್ಕ. ನನ್ನ ಕ್ಲಾಸಲ್ಲಿ ಒಬ್ಬನೂ ಆ ಕೆಲಸ ಮಾಡಲ್ಲ,” ಎಂದಳು.

ಎರಡನೆಯ ಭಾನುವಾರ ಅಮ್ಮ ನನ್ನ ಪಕ್ಕದಲ್ಲೇ ಕುಳಿತಳು. ಹೆಡ್‌ಫೋನ್ ತೆಗೆದು ಅವಳಿಗೂ ಕೇಳುವಂತೆ ಇಟ್ಟೆ. ಗರಗಸ ಮಾತಿಗೆ ಎದ್ದ.

“ಸ್ವಾಮಿ, ಕಲ್ಲಿಟ್ರೆ ಕಲ್ಲು ಕಾಣ್ಸುತ್ತೆ. ಕೇಳಿದ್ದು ಎಲ್ಲಿ ಕಾಣ್ಸುತ್ತೆ? ಗೊಂಬೇನ ಕೂರಿಸಿ ಇವ್ರು ಮಲ್ಕೊಂಡಿದ್ರೆ? ಏಳನೇ ಪೀಠದವರು ಹೇಳ್ಲಿ, ಕೇಳ್ತಿದ್ದಾರೆ ಅಂತ ಗೊತ್ತಾಗೋದು ಹೇಗೆ?”

“ಗೊತ್ತಾಗಲ್ಲ,” ಎಂದೆ. “ನಮ್ಮಮ್ಮ ನಲವತ್ತು ವರ್ಷ ಓದಿದ್ಲು. ಯಾರು ಕೇಳಿದ್ರು, ಯಾರು ಸುಮ್ನೆ ಕೂತಿದ್ರು ಅಂತ ಅವಳಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೂ ಓದಿದ್ಲು.”

ಅದು ಉತ್ತರವೋ ಅಲ್ಲವೋ ನನಗೇ ತಿಳಿಯಲಿಲ್ಲ. ಸಭಾಪತಿ ನನ್ನ ತಿದ್ದುಪಡಿಯನ್ನು ನಿಧಾನವಾಗಿ ಓದಿದರು. “ಒಬ್ಬರು ಆಕ್ಷೇಪ ಅಂದ್ರೂ ಮತಕ್ಕೆ ಹಾಕ್ತೀನಿ. ಆಕ್ಷೇಪ?”

ಮತಕ್ಕೆ ಹೋದರೆ ಸೋಲು ಖಚಿತ. ಎಂಟು ಜನಕ್ಕೆ ರೈಲು ಬೇಕಿತ್ತು.

ಮೂವತ್ತು. ಇಪ್ಪತ್ತೊಂಬತ್ತು. ಹುಟ್ಟಿದಂದಿನಿಂದ ಹಚ್ಚಿಕೊಂಡಿದ್ದ ಮೌನಕ್ಕೆ ನಾನು ಅವತ್ತು ಮೊದಲ ಸಲ ಹೆದರಿದೆ. ಗೋಡೆಯ ಗಡಿಯಾರ ಜೋರಾಗಿ ಕೇಳತೊಡಗಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಹನ್ನೆರಡಕ್ಕೆ ಬರುವಾಗ ಗರಗಸನ ಹೆಸರಿನ ಮುಂದೆ ಮೈಕಿನ ಹಸಿರು ದೀಪ ಹತ್ತಿತು. ಒಂದು ಉಸಿರು ಕೇಳಿಸಿತು. ದೂರದಲ್ಲಿ ಯಾವುದೋ ಯಂತ್ರದ ಸದ್ದು. ದೀಪ ಆರಿತು.

ಮೂರು. ಎರಡು. ಒಂದು. ಗಂಟೆ.

“ತಿದ್ದುಪಡಿ ಅವಿರೋಧವಾಗಿ ಅಂಗೀಕಾರ.” ಕುಂಬಳಕಾಯಿ ಒಮ್ಮೆ ನೆಗೆದು ಸುತ್ತು ತಿರುಗಿತು. ಅದು ನಿಯಮದ ಪ್ರಕಾರವೋ, ಸಂತೋಷಕ್ಕೋ ಗೊತ್ತಾಗಲಿಲ್ಲ.

“ನಾನು ಆಕ್ಷೇಪ ಅಂದೆ ಸ್ವಾಮಿ! ಮೈಕ್ ಕೈಕೊಡ್ತು!” ಗರಗಸನ ದನಿ ಈಗ ಸ್ಪಷ್ಟವಾಗಿ ಬಂತು.

“ಸದನಕ್ಕೆ ಕೇಳ್ಸಿಲ್ಲ. ನಿಯಮ ಐದು.”

“ಹಾಗಾದ್ರೆ ಸರಿ,” ಎಂದು ಗರಗಸ ಸುಮ್ಮನಾದ. ಅಷ್ಟು ಬೇಗ ಸುಮ್ಮನಾಗುವ ಮನುಷ್ಯನಲ್ಲ ಅವನು. ಮೈಕು ಕೈಕೊಟ್ಟಿತೋ, ಅವನೇ ಮುಚ್ಚಿದನೋ? ಆಮೇಲೆ ಸಂದೇಶ ಕಳಿಸಿ ಕೇಳಿದೆ. ‘ಸ್ಟೇಷನ್ನನ್ನು ನದಿಯ ಆಚೆ ಕಟ್ಟಿದರೆ ಹಳಿ ನೇರ ಬರುತ್ತೆ’ ಎಂದು ಬರೆದ. ನಾನು ಕೇಳಿದ್ದಕ್ಕೆ ಅದು ಯಾವ ಬಗೆಯ ಉತ್ತರವೆಂದು ಅರ್ಥವಾಗಲಿಲ್ಲ.

ಮೂರನೆಯ ಭಾನುವಾರ ವಿಧೇಯಕ ಕಾನೂನಾಯಿತು. ತಮ್ಮನ ಮಂಟಪ ಉಳಿಯಿತು.

ಅದಾದ ಮೂರನೆಯ ಸಾಯಂಕಾಲ ದೀಪ ಹಚ್ಚಿ ಒಳಗೆ ಬಂದರೆ ಅಮ್ಮ ಸ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು: ‘ಐವತ್ತೆರಡು!’

ಟ್ಯಾಬ್ ನೋಡಿದೆ. ಮೆಟ್ಟಿಲುಗಳಲ್ಲಿ ಕಾಲಿಡಲು ಜಾಗವಿಲ್ಲ. ನರಿಗಳು, ಬಕೆಟ್‌ಗಳು, ಒಂದು ಜಿರಾಫೆ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಗರಗಸ. ಇಷ್ಟೂ ಜನ ಕೇಳುವವರೇ ಎಂದು ಹಿಗ್ಗಿದೆ. ಆಮೇಲೆ ಪಕ್ಕದಲ್ಲಿ ಓಡುತ್ತಿದ್ದ ಅವರ ಹರಟೆ ಕಣ್ಣಿಗೆ ಬಿತ್ತು. ‘ಕಾಲು ಗಂಟೆ ಆಯ್ತಾ?’ ‘ಇನ್ನೂ ಆರು ನಿಮಿಷ.’ ‘ಕಲ್ಲು ಹೊರೋದಕ್ಕಿಂತ ಇದು ಸುಲಭ ಗುರು, ಕೂತ್ರೆ ಸಾಕು, ಸೈಟು ಉಳಿಯುತ್ತೆ.’

ಕಾನೂನು ನನ್ನದೇ. ಬರೆದವಳು ನಾನೇ. ದೇಶದ ಸೋಮಾರಿಗಳೆಲ್ಲ ತಮ್ಮ ತಮ್ಮ ನಿವೇಶನ ಉಳಿಸಿಕೊಳ್ಳಲು ನಮ್ಮ ಅಮ್ಮನ ಮುಂದೆ ಬಂದು ಕೂತಿದ್ದರು.

ಅಮ್ಮನ ಕಣ್ಣು ಅಷ್ಟು ಚೆನ್ನಾಗಿಲ್ಲ, ಆ ಸಣ್ಣ ಅಕ್ಷರ ಅವಳಿಗೆ ಕಾಣದು. ಹೇಳಲೋ ಬೇಡವೋ ತಿಳಿಯದೆ ನಿಂತೆ. ಹೇಳಿದರೆ ಊಟ ಬಿಡುತ್ತಾಳೆ. ಹೇಳದಿದ್ದರೆ ದೇವರ ದೀಪದ ಮುಂದೆ ನಿಂತು ಮುಚ್ಚಿಟ್ಟಂತೆ.

“ಅಮ್ಮ,” ಎಂದೆ, “ಇವರೆಲ್ಲ ಕೇಳೋಕೇ ಬಂದವರಲ್ಲ. ಕಾನೂನಿಗೆ ಬಂದವರು.”

ಅಮ್ಮ ನನ್ನನ್ನು ನೋಡಿದಳು. ಸ್ಲೇಟು ಒರೆಸಿ ನಿಧಾನವಾಗಿ ಬರೆದಳು: ‘ಆಗಲೂ ಅರ್ಧ ಜನ ಸೆಕೆಗೆ ಬರ್ತಿದ್ರು. ನಮ್ಮ ಫ್ಯಾನು ದೊಡ್ಡದು.’

ನಗಬೇಕೋ ಏನೋ ಗೊತ್ತಾಗದೆ ಅವಳ ಪಕ್ಕ ಕುಳಿತೆ. ಟ್ಯಾಬಿನೊಳಗೆ ಅಮ್ಮನ ಹಳೆಯ ದನಿ ಕೊನೆಯ ಸಾಲನ್ನು ಎಳೆದು, ಇಳಿಸಿ, ನಿಲ್ಲಿಸಿತು. ಕಾಲು ಗಂಟೆ ಕಳೆದಿತ್ತು. ತಲೆಗಳು ಒಂದೊಂದಾಗಿ ಎದ್ದು ಹೊರಟವು. ಐವತ್ತೆರಡು ಮೂವತ್ತಾಯಿತು, ಹನ್ನೊಂದಾಯಿತು. ಅಮ್ಮ ಬೆರಳು ಮಡಿಸುತ್ತ ಎಣಿಸುತ್ತಿದ್ದಳು.

ಐದು ಜನ ಏಳಲಿಲ್ಲ. ಪದ್ಯ ಮುಗಿದಿತ್ತು, ಅವರ ಕಾಲು ಗಂಟೆಯೂ ಮುಗಿದಿತ್ತು. ಆದರೂ ಸುಮ್ಮನೆ ಕೂತಿದ್ದರು, ಕಂಬದ ಹತ್ತಿರ ಗರಗಸನೂ. ಮಲಗಿಬಿಟ್ಟಿದ್ದರೋ, ಕೇಳುತ್ತಿದ್ದರೋ.

ಅಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದಳು. ನಾನು ಮನಸ್ಸಿನಲ್ಲೇ ಮೂವತ್ತರಿಂದ ಕೆಳಕ್ಕೆ ಎಣಿಸತೊಡಗಿದೆ.