ಎಡಗಡೆ ಸೀಟಿನ ಮಾವ

ನಮ್ಮ ಮಾವ ಮಧುಕರ್ ಹಾಲು ತರಲು ನಡೆದು ಹೋಗುವಾಗಲೂ ಬೀದಿಯ ತಿರುವಿನಲ್ಲಿ ಕೈ ಚಾಚಿ ಸಂಜ್ಞೆ ಕೊಡುತ್ತಾರೆ. ಜೀವನ್ ಬಿಮಾ ನಗರದ ನಮ್ಮ ಅಡ್ಡರಸ್ತೆಯಲ್ಲಿ ಮುಂಜಾನೆ ಅವರನ್ನು ಹಿಂಬಾಲಿಸುವುದು ಹೆಚ್ಚೆಂದರೆ ಒಂದು ನಾಯಿ. ಆದರೂ ಎಡಕ್ಕೆ ಹೊರಳುವ ಮುನ್ನ ಎಡಭುಜ ಒಂದಿಷ್ಟು ಮುಂದಾಗುತ್ತದೆ, ಎಡಗೈ ನೀಳವಾಗಿ ಹೊರಬರುತ್ತದೆ, ತಿರುವು ದಾಟಿದ ಮೇಲೆ ಆ ಕೈ ಕರ್ತವ್ಯ ಮುಗಿಸಿದ ಸಮಾಧಾನದಿಂದ ಜೇಬಿಗೆ ಮರಳುತ್ತದೆ. ಇಂಥ ಮನುಷ್ಯ ಜನ್ಮದಲ್ಲಿ ಒಮ್ಮೆಯೂ ಕಾರು ಓಡಿಸಿದವರಲ್ಲ ಎಂದರೆ, ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ನಂಬಿರಲಿಲ್ಲ.

ನಮ್ಮ ಮನೆಯಲ್ಲಿ ಕಾರು ಓಡಿಸುವವರು ಅತ್ತೆ ಹೇಮಶ್ರೀ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಕೈ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಮಾವ ಅವರ ಎಡಗಡೆಯ ಸೀಟಿನಲ್ಲಿ ಕೂತು ದಾರಿ ಹೇಳುವವರು. ವಿಮಾನ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಇಡೀ ಆಯುಷ್ಯ ಗೆರೆ ಎಳೆದ ಮನುಷ್ಯನಿಗೆ ಸ್ಟಿಯರಿಂಗ್ ಏನು ಮಹಾ ಕಷ್ಟ ಎಂದು ಕೇಳಿದರೆ, "ಓಡಿಸೋನಿಗೆ ರಸ್ತೆ ಮಾತ್ರ ಕಾಣತ್ತೆ ಕಣಮ್ಮಾ, ಊರು ಕಾಣಲ್ಲ" ಅನ್ನುತ್ತಿದ್ದರು. ಊರು ನೋಡುವುದೆಂದರೆ ಅವರಿಗೆ ಅಷ್ಟು ಹಸಿವು. ಚೈತ್ರದ ಬಿಸಿಲಲ್ಲೂ ಬಿಡದ, ಮೈತುಂಬ ಜೇಬುಗಳಿರುವ ಒಂದು ತೋಳಿಲ್ಲದ ಕೋಟು ಅವರಿಗಿದೆ. ಭೂತಗನ್ನಡಿ, ದಾರದುಂಡೆ, ನನ್ನ ಮಗುವಿಗೊಂದು ಬಿಸ್ಕತ್ತು, ಎಲ್ಲಕ್ಕೂ ಅದರಲ್ಲಿ ಜಾಗ. ಯಾರು ಏನು ಹೇಳಿದರೂ ಅವರ ಬಾಯಿಂದ ಬರುವ ಮೊದಲ ಮಾತು ಒಂದೇ: "ಹಂಗಾ? ಯಾಕ್ ಹಂಗೆ?" ಗ್ಯಾಸ್ ಸಿಲಿಂಡರ್ ತಂದವರನ್ನೂ ಹೀಗೇ ಕೇಳಿ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದಾರೆ, ಬೇಸಾಯ, ಬಾಡಿಗೆ, ಬೆನ್ನುನೋವು ಎಲ್ಲ ತಿಳಿದುಕೊಂಡ ಮೇಲೆಯೇ ಬಿಡುಗಡೆ.

ಆದರೆ ಅವರು ದಾರಿ ಹೇಳುವ ಕ್ರಮ ಮಾತ್ರ ವಿಚಿತ್ರ. ಕಣ್ಣಿಗೆ ಕಾಣುವ ಯಾವುದನ್ನೂ ಅವರು ಗುರುತಾಗಿ ಹೇಳುವವರಲ್ಲ. ಹಿಂದೆ ಇದ್ದು ಈಗ ಇಲ್ಲವಾದದ್ದನ್ನೇ ಹೇಳಬೇಕು. ಹಲಸೂರಿನಲ್ಲಿ ಟಾಕೀಸು ಇತ್ತಲ್ಲ, ಅಲ್ಲಿ ಎಡಕ್ಕೆ. ಕೆ.ಆರ್. ಪುರಂ ಸಂತೆಯ ದಿನ ಎತ್ತು ಕಟ್ಟುತ್ತಿದ್ದ ಮರ, ಅಲ್ಲಿ ನಿಧಾನ.

"ರೀ, ಬಿದ್ದು ಹೋಗಿರೋ ಟಾಕೀಸ್ ಹತ್ರ ನಾನು ಹೆಂಗ್ರೀ ಎಡಕ್ಕೆ ತಿರುಗಿಸ್ಲಿ? ಇರೋದನ್ನ ಹೇಳಿ."

"ಇರೋದು ನಾಳೆ ಇರತ್ತೋ ಇಲ್ವೋ ಹೇಮಾ. ಇದ್ದಿದ್ದು ಮಾತ್ರ ಗ್ಯಾರಂಟಿ."

ಬೆಂಗಳೂರಿನೊಳಗೆ ಈ ಶಾಸ್ತ್ರ ಹೇಗೋ ನಡೆಯುತ್ತಿತ್ತು, ಏಕೆಂದರೆ ಆ ಟಾಕೀಸಿನಲ್ಲಿ ಇಬ್ಬರೂ ಸಿನಿಮಾ ನೋಡಿದವರೇ. ಪರಸ್ಥಳಕ್ಕೆ ಹೋದಾಗ ಕಷ್ಟ. ಬುದ್ಧಪೂರ್ಣಿಮೆಯ ಆಸುಪಾಸಿನಲ್ಲಿ ವರ್ಷಕ್ಕೊಂದು ಹಳೆಯ ಬೌದ್ಧ ಸ್ಥಳ ನೋಡಿ ಬರುವುದು ಈ ಮನೆಯ ವಾಡಿಕೆ. ಮನೆ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲದ್ದರಿಂದ ಸ್ವಂತ ಕಾರಿಲ್ಲ. ಪ್ರತಿ ಸಲವೂ ಬಾಡಿಗೆ ಕಾರು, ಪ್ರತಿ ಸಲವೂ ಬೇರೆ ಕಾರು. ಹೋದ ವರ್ಷ ಸನ್ನತಿಗೆ ಹೊರಟಿದ್ದೆವು. ಅತ್ತೆಯ ಫೋನು ಮುಂದೆ ನಿಂತು ದಾರಿ ತೋರಿಸುತ್ತಿತ್ತು. ಭೀಮಾ ನದಿ ಹತ್ತಿರವಾದಾಗ, ಸರಿಯಾಗಿ ಒಂದು ಕವಲಿನಲ್ಲಿ, ಕಮ್ಮನಹಳ್ಳಿಯಿಂದ ಅತ್ತೆಯ ತಂಗಿ ತೇಜಶ್ರೀ ಉಪ್ಪಿನಕಾಯಿಯ ವಿಷಯಕ್ಕೆ ಫೋನು ಮಾಡಿದರು. ನಕ್ಷೆ ಮಾಯವಾಯಿತು, ಆಮೇಲೆ ಸಿಗ್ನಲ್ಲೇ ಮಾಯವಾಯಿತು. ಮಾವ ತರುಣರಾಗಿದ್ದಾಗ ಕಂಡಿದ್ದ ಒಂದು ಬೇವಿನ ಮರವನ್ನು ನೆನಪಿಸಿಕೊಂಡು ಬಲಕ್ಕೆ ಎಂದರು. ಆ ದಾರಿ ನಮ್ಮನ್ನು ಹೊಲಗಳ ನಡುವೆ ಸುತ್ತಿಸಿ ನೀರಿನ ಅಂಚಿಗೆ ತಂದು ನಿಲ್ಲಿಸಿತು. ಮುಂದೆ ಹೋಗಲು ದಾರಿಯಿಲ್ಲ, ಕಾರು ತಿರುಗಿಸಲು ಜಾಗವಿಲ್ಲ. ಬಿಸಿಲಿಗೆ ಬೆಂದ ನನ್ನ ಕೂಸು ಅಳುತ್ತ ಅಳುತ್ತ ಅಳುವ ಶಕ್ತಿಯನ್ನೂ ಕಳೆದುಕೊಂಡು ಸುಮ್ಮನಾಯಿತು. ಆ ಮೌನಕ್ಕೆ ಹೆದರಿ ಅತ್ತೆ ಕಾರನ್ನು ಹಿಮ್ಮುಖವಾಗಿಯೇ ಹೊಲದ ದಾರಿಗುಂಟ ಹಿಂದಕ್ಕೆ ಓಡಿಸಿದರು. ಸ್ತೂಪ ನೋಡದೆಯೇ ಹಿಂದಿರುಗಿದೆವು. ಹಾಲು, ನೆರಳು ಸಿಕ್ಕಿ ಮಗು ಚೇತರಿಸಿಕೊಂಡ ಮೇಲೆ ಅತ್ತೆ ಮೆಲ್ಲಗೆ ಅಂದರು: "ಮುಂದಿನ ಸಲ ನಿಮ್ಮನ್ನ ನಂಬ್ಕೊಂಡು ಈ ಮಗೂನ ಕೂರಿಸ್ಕೊಂಡ್ ಬರಲ್ಲ. ದಾರಿ ಹೇಳೋ ಒಂದು ಮೆಷೀನ್ ತಗೋತೀನಿ."

ಕೂಗಿ ಹೇಳಿದ್ದರೆ ಮಾವ ಮರೆತುಬಿಡುತ್ತಿದ್ದರೇನೋ. ಮೆಲ್ಲಗೆ ಹೇಳಿದ್ದು ಒಳಗೆ ಇಳಿಯಿತು. ಈ ವರ್ಷ ಆಂಧ್ರದ ನಾಗಾರ್ಜುನಕೊಂಡಕ್ಕೆ ಹೋಗುವ ಮಾತು ಬಂದಾಗ ಅವರೇ ಮುಂದಾಗಿ, "ಮೆಷೀನ್ ಅಂದ್ಯಲ್ಲ ಹೇಮಾ, ಅದನ್ನ ನಾನೇ ಆರಿಸ್ತೀನಿ" ಅಂದರು. ತನ್ನ ಸೀಟಿಗೆ ಬರುವವನನ್ನು ತಾನೇ ಸಂದರ್ಶನ ಮಾಡಿ ಆರಿಸಲು ಹೊರಟ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ಅವರ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಕಾಣುತ್ತಿದ್ದದ್ದು ಕುತೂಹಲ. ಅದೇ ನನಗೆ ಸೋಜಿಗ.

ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸನಾವುಲ್ಲಾ ಅವರ ಅಂಗಡಿ. ಕಾರಿನ ರೇಡಿಯೋ, ಸ್ಪೀಕರ್, ಹೊರದೇಶದಿಂದ ಬಂದ ಸಣ್ಣಪುಟ್ಟ ಯಂತ್ರಗಳು ಗೋಡೆ ಕಾಣದಂತೆ ಜೋತುಬಿದ್ದಿರುತ್ತವೆ. ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೂ ಜೊತೆಗೆ ಹೋಗಿದ್ದೆ.

"ಅರೇ ಸಾರ್, ಇವಾಗ ಎಲ್ರಿಗೂ ಫೋನೇ ಸಾಕು. ಇದನ್ನ ಕೇಳ್ಕೊಂಡ್ ಬಂದೋರು ಈ ವರ್ಷ ನೀವೇ ಫಸ್ಟು" ಎಂದು ನಗುತ್ತ ಸನಾವುಲ್ಲಾ ಅಂಗೈಯಗಲದ ಒಂದು ಪೆಟ್ಟಿಗೆ ತೆಗೆದರು.

"ಫೋನ್ ಬಂದ್ರೆ ಇದು ಏನ್ ಮಾಡತ್ತೆ?"

"ಇದಕ್ಕೆ ಫೋನೇ ಬರಲ್ಲ ಸಾರ್."

"ಹಂಗಾ! ಅಂದ್ರೆ ತೇಜಶ್ರೀ ಇದರೊಳಗೆ ನುಗ್ಗೋ ಹಂಗಿಲ್ಲ!" ಮಾವನ ಕಣ್ಣು ಅರಳಿತು.

ಮೊದಲು ತೋರಿಸಿದ್ದು ದುಬೈಯಿಂದ ಬಂದ ಮಾಲು. ಗಲ್ಲಿಯಲ್ಲಿ ಆಕಾಶವೇ ಕಿರಿದು. ಅದನ್ನು ಎತ್ತಿ ಹಿಡಿದು ಇಬ್ಬರು ಹಿರಿಯರು ರಸ್ತೆಯ ನಡುವೆ ನಿಂತರು, ಬಿರಿಯಾನಿ ಹಂಡೆಯ ಗಾಡಿಯವನು ಬೈದುಕೊಂಡು ಸುತ್ತುಹಾಕಿ ಹೋದ. ಕಡೆಗೂ ಯಂತ್ರಕ್ಕೆ ಉಪಗ್ರಹಗಳು ಸಿಕ್ಕವು. ಆದರೆ ಅದರೊಳಗಿದ್ದದ್ದು ಕೊಲ್ಲಿ ದೇಶಗಳ ನಕ್ಷೆ ಮಾತ್ರ. ನಮ್ಮ ಸೀಮೆಯ ಒಂದು ಗೆರೆಯೂ ಅದಕ್ಕೆ ಗೊತ್ತಿಲ್ಲ. ತೆರೆಯ ಮೇಲೆ ಬೋಳು ಬಯಲು, ಅದರ ನಡುವೆ ಒಂಟಿ ಬಾಣದ ಗುರುತು. ಇನ್ನೊಬ್ಬರಾಗಿದ್ದರೆ ತಕ್ಷಣ ಹಿಂದಿರುಗಿಸುತ್ತಿದ್ದರು. ಮಾವ ಅದನ್ನು ಮಗುವಿಗೂ ನನಗೂ ತೋರಿಸಿ ಸಂಭ್ರಮಿಸಿದರು: "ನೋಡಮ್ಮಾ, ನಾವಿದ್ದೀವಿ, ಆದ್ರೆ ಶಿವಾಜಿನಗರ ಇಲ್ಲ! ಯಾಕ್ ಹಂಗೆ?" ಸನಾವುಲ್ಲಾ ಸಹನೆಯಿಂದ ವಿವರಿಸಿದರು. ಜಾಗ ಹೇಳುವುದು ಮೇಲಿನ ಉಪಗ್ರಹ, ರಸ್ತೆ ಹೇಳುವುದು ಒಳಗೆ ತುಂಬಿದ ನಕ್ಷೆ. ನಕ್ಷೆ ನಮ್ಮ ದೇಶದ್ದಾಗಿರಬೇಕು, ಪೂರ್ತಿ ಒಳಗೇ ಇರಬೇಕು, ಆಗ ಸಿಗ್ನಲ್ ಇಲ್ಲದ ಕಾಡಿನಲ್ಲೂ ದಾರಿ ತಪ್ಪುವುದಿಲ್ಲ.

ನಮ್ಮ ನಕ್ಷೆಯಿದ್ದ ಎರಡು ಯಂತ್ರಗಳು, ಚಿಕ್ಕದೊಂದು ದೊಡ್ಡದೊಂದು, ಪರೀಕ್ಷೆಗೆಂದು ಮನೆಗೆ ಬಂದವು. ಭಾನುವಾರ ಬಾಡಿಗೆ ಕಾರು ತರಿಸಿ ಹೊರಟೆವು. ಮೊದಲ ತೊಡಕು ಅದನ್ನು ನಿಲ್ಲಿಸುವುದರಲ್ಲೇ. ಗಾಜಿಗೆ ಕಚ್ಚಿಕೊಳ್ಳಬೇಕಾದ ರಬ್ಬರ್ ಬಟ್ಟಲು ಬಾಡಿಗೆ ಕಾರಿನ ಧೂಳು ಗಾಜಿನ ಮೇಲೆ, ಏರುಬಿಸಿಲಿನಲ್ಲಿ, ಇಂದಿರಾನಗರ ದಾಟುವಷ್ಟರಲ್ಲಿ ಕಳಚಿ ಅತ್ತೆಯ ಮಡಿಲಿಗೆ ಬಿತ್ತು. ಪ್ರತಿ ಸಲ ಬೇರೆ ಕಾರು ಹತ್ತುವವರಿಗೆ ಇದು ಆಗಿಬರದ ವ್ಯವಹಾರ. ನನ್ನ ಚೀಲದಲ್ಲಿ ಮಗು ಎಳೆಗೂಸಾಗಿದ್ದಾಗ ತಲೆಗಿಡುತ್ತಿದ್ದ ಸಾಸಿವೆ ದಿಂಬು ಇತ್ತು. ಈಗ ಅದನ್ನು ಒದೆದಾಡಲು ಮಾತ್ರ ಬಳಸುತ್ತಾಳೆ. ಕಾರಿನ ಮುಂಬದಿಯಲ್ಲಿ ಅದನ್ನು ಹಾಸಿ, ಮೇಲೆ ಯಂತ್ರವನ್ನು ಒತ್ತಿ ಕೂರಿಸಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. "ಭಲೇ!" ಎಂದು ಮಾವ ಭೂತಗನ್ನಡಿ ಹಿಡಿದು ಹೊಲಿಗೆ ನೋಡಿದರು.

ಚಿಕ್ಕ ಯಂತ್ರದ ತೆರೆ ಬಿಸಿಲಿಗೆ ಕಾಣುತ್ತಿರಲಿಲ್ಲ. ಅದರ ದನಿ ತಿರುವು ದಾಟಿದ ಮೇಲೆ "ತಿರುಗಿ" ಅನ್ನುತ್ತಿತ್ತು. ದೊಡ್ಡದು ಮುಂಚಿತವಾಗಿ, ಸ್ಫುಟವಾಗಿ, ರಸ್ತೆಯ ಯಾವ ಸಾಲಿನಲ್ಲಿ ಇರಬೇಕೆಂಬುದನ್ನೂ ಸೇರಿಸಿ ಹೇಳುತ್ತಿತ್ತು. ಮಾವ ಎರಡು ಅಂಗೈಗಳನ್ನೂ ಮೊಣಕಾಲ ನಡುವೆ ಬಿಗಿಹಿಡಿದು, ಬಾಯಿ ಬಿಡದೆ, ಪರೀಕ್ಷಕರ ಗಾಂಭೀರ್ಯದಿಂದ ಕೂತಿದ್ದರು. ಕಮ್ಮನಹಳ್ಳಿಯ ಮುಖ್ಯರಸ್ತೆಯಲ್ಲಿ ದೊಡ್ಡ ಯಂತ್ರ ಎಡಕ್ಕೆ ಎಂದಿತು, ಇನ್ನೊಮ್ಮೆ ಎಂದಿತು. ಅತ್ತೆ ಕಾರನ್ನು ನೆಟ್ಟಗೆ ಮುಂದಕ್ಕೆ ಬಿಟ್ಟರು.

"ಯಾಕ್ರೀ ಸುಮ್ನಿದ್ದೀರಾ? ಕೈ ತೋರಿಸ್ಬಾರ್ದಾ?"

"ಅದು ಹೇಳ್ತಲ್ಲ ಹೇಮಾ."

"ಹೇಳ್ತು. ಕೇಳಿಸ್ತು ಕೂಡ." ಅತ್ತೆ ಗೇರು ಬದಲಿಸಿದರು. "ನಿಮ್ಮ ಕೈ ಬರ್ಲಿಲ್ಲ. ಅದಕ್ಕೇ ತಿರುಗಿಸ್ಲಿಲ್ಲ."

ಇಷ್ಟು ವರ್ಷವೂ ಅವರು ತಿರುಗಿಸುತ್ತಿದ್ದದ್ದು ಮಾತು ಕೇಳಿಯಲ್ಲ, ಕಣ್ಣಂಚಿನಲ್ಲಿ ಚಾಚಿ ಬರುವ ಆ ಕೈ ಕಂಡು. ಅದು ಅವರಿಗೂ ಆಗಲೇ ತಿಳಿದದ್ದು. ಯಂತ್ರ ಮಾತ್ರ ಅದೇ ಶಾಂತಸ್ವರದಲ್ಲಿ ಇನ್ನೊಂದು ದಾರಿ ಲೆಕ್ಕ ಹಾಕಿ ರಾಮಮೂರ್ತಿ ನಗರದ ಕಡೆಗೆ ಕರೆದೊಯ್ಯಿತು. ಮಾವ ಬೆರಗಾಗಿ ಅದರತ್ತ ಬಾಗಿದರು: "ತಪ್ಪಿದ್ರೂ ಬಯ್ಯಲ್ಲ. ಹಿಂದಿನ ತಪ್ಪು ಎತ್ತಾಡಲ್ಲ. ಈಗಿರೋ ಜಾಗದಿಂದಲೇ ಮತ್ತೆ ಶುರು!"

"ಕಲಿತ್ಕೊಳ್ಳಿ" ಅಂದರು ಅತ್ತೆ.

"ನೀನೂ" ಅಂದರು ಮಾವ.

ಸಂಜೆ ಯಂತ್ರಗಳನ್ನು ಹಿಂದಕ್ಕೆ ಒಯ್ಯುವಾಗ ನನ್ನೊಳಗೊಂದು ಸಣ್ಣ ಅನುಮಾನವಿತ್ತು. ಚಿಕ್ಕದನ್ನು ಕೊಂಡರೆ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕೇ ಬೇಕು. ಮಾವನ ಸೀಟು ಉಳಿಯುತ್ತದೆ, ಯಾರೂ ಬೆರಳು ತೋರಿಸುವಂತಿಲ್ಲ. ಸನಾವುಲ್ಲಾ ತಿಳಿಯದೆಯೇ ಆ ಬಾಗಿಲನ್ನು ತೆರೆದೂ ಕೊಟ್ಟರು: "ನಿಮ್ಮಂಥೋರು ಪಕ್ಕದಲ್ಲಿದ್ರೆ ಮೇಡಮ್ಮಿಗೆ ಚಿಕ್ಕದೇ ಸಾಕಲ್ಲ ಸಾರ್?"

ಮಾವ ಚಿಕ್ಕದನ್ನು ಕೈಯಲ್ಲಿ ತೂಗಿದರು, ಕೋಟಿನ ಜೇಬಿಗೆ ಇಳಿಸಿ ನೋಡಿದರು. ಹೇಳಿ ಮಾಡಿಸಿದ ಹಾಗೆ ಕೂತಿತು. ತೆಗೆದು ಮೇಜಿನ ಮೇಲಿಟ್ಟರು. "ನಾನು ಪಕ್ಕದಲ್ಲಿ ಇರಲ್ಲ ಸನಾವುಲ್ಲಾ. ಮಗು ಇರತ್ತೆ ಗಾಡೀಲಿ. ದೊಡ್ಡದೇ ಕೊಡಿ."

ಹಾಗೆ ಅವರು ತಮ್ಮ ಕೆಲಸದಿಂದ ತಾವೇ ನಿವೃತ್ತರಾದರು. ಮನೆಗೆ ಬಂದು ಅತ್ತೆಗೆ ಅದರ ಗುಂಡಿಗಳನ್ನೆಲ್ಲ ಕಲಿಸಿದರು. ಹೊಸ ಗುಮಾಸ್ತನಿಗೆ ಬೀಗದಕೈ ಒಪ್ಪಿಸುವಂತೆ ಯಾವುದನ್ನೂ ಮುಚ್ಚಿಡಲಿಲ್ಲ. ಹೊರಡುವ ದಿನ ನಸುಕಿನಲ್ಲಿ ಹಿಂದಿನ ಬಾಗಿಲು ತೆಗೆದು, ಮಗುವಿನ ಪಕ್ಕ, ಇನ್ನೊಂದು ಅಂಚಿನಲ್ಲಿ ಕೂತರು. ನನ್ನ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಮುಂದಿನ ಎಡಗಡೆಯ ಸೀಟು ಚಿತ್ರಾನ್ನದ ಡಬ್ಬಿ, ನೀರಿನ ಕ್ಯಾನುಗಳ ಚೀಲಕ್ಕೆ ಹೋಯಿತು. ಚೀಲದ ಭಾರಕ್ಕೆ ಕಾರು ಮನುಷ್ಯರಿದ್ದಾರೆಂದು ಭ್ರಮಿಸಿ ಕೀಂಕೀಂ ಎಂದು ಗೋಗರೆದದ್ದರಿಂದ ಅದಕ್ಕೂ ಸೀಟ್ ಬೆಲ್ಟ್ ಬಿಗಿದೆವು. ಅತ್ತೆ ಪ್ರತಿ ತಿರುವಿನಲ್ಲೂ ಅಭ್ಯಾಸಬಲದಿಂದ ಎಡಕ್ಕೆ ಕಣ್ಣು ಹಾಯಿಸುತ್ತಿದ್ದರು, ಬೆಲ್ಟ್ ಕಟ್ಟಿಕೊಂಡ ಚಿತ್ರಾನ್ನವನ್ನು ಕಂಡು ಮುಂದೆ ನೋಡುತ್ತಿದ್ದರು. ಕೆ.ಆರ್. ಪುರಂ ತೂಗುಸೇತುವೆ ಹಿಂದಾಯಿತು, ಗಡಿ ಹಿಂದಾಯಿತು, ಮದನಪಲ್ಲಿಯೂ ಕಳೆಯಿತು. ಯಂತ್ರ ಒಂದು ಸಲವೂ ತಪ್ಪಲಿಲ್ಲ. ಇಷ್ಟು ಸುಗಮವಾದ, ಇಷ್ಟು ಮೌನವಾದ ಪ್ರಯಾಣವನ್ನು ಈ ಕುಟುಂಬ ಮಾಡಿದ್ದೇ ಇಲ್ಲ.

ಬಂಡೆಗಳ ಬೆಟ್ಟಸಾಲು ಶುರುವಾದ ಮೇಲೆ ಹಿಂದಿನಿಂದ ಮಾವನ ದನಿ ಕೇಳಿತು. ಮಗುವಿಗೆ ತೋರಿಸುತ್ತಿದ್ದರು: "ಅಲ್ಲಿ ನೋಡು ಪುಟ್ಟೀ, ಅಷ್ಟೆತ್ತರದ ಬಂಡೆಗೆ ಯಾರೋ ಸುಣ್ಣ ಸುರಿದಿದಾರೆ. ಯಾಕ್ ಹಂಗೆ?"

ಮಗುವಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಯಂತ್ರ ನೆಟ್ಟಗೆ ಮುಂದೆ ಹೋಗಿ ಎಂದಿತು. ಆಗ, ಹೊರಟರೆ ಊರು ಮುಟ್ಟುವ ತನಕ ಚಹಕ್ಕೂ ಸುಲಭವಾಗಿ ನಿಲ್ಲಿಸದ ನಮ್ಮ ಅತ್ತೆ, ರಸ್ತೆಯಂಚಿನ ಹುಣಸೆ ಮರದ ನೆರಳಿಗೆ ಕಾರನ್ನು ಇಳಿಸಿ ನಿಲ್ಲಿಸಿದರು. ಅಲ್ಲೊಬ್ಬ ಹೆಂಗಸು ತಾಳೆಕಾಯಿ ಕೆತ್ತಿ ತಾಟಿನುಂಗು ಸುಲಿಯುತ್ತ ಕೂತಿದ್ದಳು.

"ಇಳೀರಿ. ಕೇಳ್ಕೊಂಡ್ ಬನ್ನಿ."

"ದಾರಿ ಸರಿಯಾಗೇ ಇದೆಯಲ್ಲ ಹೇಮಾ."

"ದಾರಿಯಲ್ಲರೀ, ಆ ಬಂಡೆ. ನನಗೂ ತಿಳೀಬೇಕು."

ಮಾವ ತಮ್ಮ ಹಲಸೂರಿನ ತೆಲುಗನ್ನು ಒಟ್ಟುಗೂಡಿಸಿಕೊಂಡು ಇಳಿದರು. ಅದು ಸುಣ್ಣವಲ್ಲವಂತೆ. ತಲೆಮಾರುಗಳಿಂದ ಹದ್ದುಗಳು ಅದೇ ಬಂಡೆಯಲ್ಲಿ ಗೂಡು ಕಟ್ಟುತ್ತವಂತೆ. ಬೆಳ್ಳಗೆ ಇಳಿದಿರುವುದೆಲ್ಲ ಅವುಗಳ ಹಿಕ್ಕೆಯಂತೆ. ಆ ಹೆಂಗಸಿನ ಅಜ್ಜಿಯ ಕಾಲದಲ್ಲಿ ಅದು ಒಂದು ಗೆರೆಯಷ್ಟಿತ್ತಂತೆ. ಕೈತುಂಬ ತಾಟಿನುಂಗು, ಬಾಯಿತುಂಬ ಸುದ್ದಿ ಹಿಡಿದು ಅವರು ಹಿಂದಿರುಗುವುದನ್ನು ಕಂಡು ಅತ್ತೆ ಕೈ ನೀಡಿ ಚೀಲದ ಬೆಲ್ಟ್ ಬಿಚ್ಚತೊಡಗಿದರು. "ಬನ್ನಿ, ಮುಂದೆ ಕೂತ್ಕೊಳ್ಳಿ. ಇದನ್ನ ಹಿಂದೆ ಇಡೋಣ."

ಮಾವ ಮುಂದಿನ ಕಿಟಕಿಯಿಂದ ಅತ್ತೆಯ ಕೈಗೆ ಒಂದಿಷ್ಟು ತಾಟಿನುಂಗು ದಾಟಿಸಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಮಗುವಿನ ಪಕ್ಕ ಒರಗಿ ಕೂತರು. "ಬೇಡ ಹೇಮಾ. ಅಲ್ಲಿ ಕೂತ್ರೆ ನನ್ನ ಕೈ ಸುಮ್ನಿರಲ್ಲ, ನಿನಗೆ ಗಲಿಬಿಲಿ. ಇಲ್ಲಿಂದ ಎರಡೂ ಕಡೆ ಕಾಣತ್ತೆ. ನಾನು ನಿಲ್ಲಿಸು ಅಂದಾಗ ನೀನು ನಿಲ್ಲಿಸಿದ್ರೆ ಸಾಕು."

"ಎಲ್ಲ ಬಂಡೆಗೂ ನಿಲ್ಲಿಸಲ್ಲ" ಎಂದರು ಅತ್ತೆ. ನಾಗಾರ್ಜುನಕೊಂಡ ಮುಟ್ಟುವುದರೊಳಗೆ ಎಷ್ಟು ಸಲ ನಿಲ್ಲಿಸಿದರೋ ನಾನು ಎಣಿಸಲಿಲ್ಲ.

ಎಲ್ಲ ಮನೆಗಳಲ್ಲೂ ಇಂಥವರು ಒಬ್ಬರಿರುತ್ತಾರೆಂದು ನನಗನ್ನಿಸುತ್ತದೆ. ಅವರಿಗೆ ನಾವು ಕೊಟ್ಟಿರುವ ಕೆಲಸ ಒಂದಾದರೆ, ಅವರು ಮಾಡುತ್ತ ಬಂದಿರುವುದು ಬೇರೆಯೇ. ಕೊಟ್ಟ ಕೆಲಸದಲ್ಲಿ ಅವರು ಅಷ್ಟೇನೂ ನಿಪುಣರಲ್ಲ, ಅದನ್ನು ಕಿತ್ತುಕೊಂಡು ಚೊಕ್ಕವಾಗಿ ಮಾಡುವ ಯಂತ್ರವೊಂದನ್ನು ತರುವುದು ನ್ಯಾಯವೂ ಹೌದು, ಮಕ್ಕಳಿರುವ ಮನೆಗೆ ಅಗತ್ಯವೂ ಹೌದು. ಅದು ಬಂದು ಕೂತು, ಮನೆ ತನ್ನ ಪಾಡಿಗೆ ತಪ್ಪಿಲ್ಲದೆ ಸಾಗತೊಡಗಿದಾಗಲೇ ಅವರು ಇಷ್ಟು ದಿನ ನಮಗೆ ಏನು ಮಾಡುತ್ತಿದ್ದರೆಂಬುದು ಅರಿವಿಗೆ ಬರುತ್ತದೆ. ಅಂಥವರು ಜಾಗ ಹೋಯಿತೆಂದು ಮುನಿಸಿಕೊಂಡು ಕೂರುವುದಿಲ್ಲ. ಎಲ್ಲಿ ಕೂರಿಸಿದರೆ ಅಲ್ಲಿಂದ ಹೊರಗೆ ನೋಡುತ್ತಾರೆ, ಕಂಡದ್ದನ್ನು ಕೇಳುತ್ತಾರೆ. ಮುಟ್ಟಬೇಕಾದ ಊರನ್ನು ನಮಗೆ ಯಾರು ಬೇಕಾದರೂ ಮುಟ್ಟಿಸಿಯಾರು. ನಡುವೆ ಗಾಡಿ ನಿಲ್ಲಿಸಬೇಕೆಂಬ ಆಸೆ ಹುಟ್ಟಿಸುವವರು ಮಾತ್ರ ವಿರಳ.