ಹೋದ ವರ್ಷದ ಪಟ್ಟಿ

“ನಾಲ್ಕು,” ಎಂದು ಮೇಡಂ ತಮಗೆ ತಾವೇ ಹೇಳಿಕೊಂಡು ಮತ್ತೆ ಎಣಿಸಿದರು. ಎಷ್ಟು ಸಲ ಎಣಿಸಿದರೂ ನಾಲ್ಕು ನಾಲ್ಕೇ, ಅದೇನು ಮರಿ ಹಾಕುತ್ತದೆಯೇ? ಯಂತ್ರಜ್ಞಾನದಲ್ಲಿ ಮೂವತ್ತಕ್ಕೆ ನಾಲ್ಕು. ಎರಡು ತಿಂಗಳ ಹಿಂದೆ ಇದೇ ಹುಡುಗಿಗೆ, ಇದೇ ಯಂತ್ರಜ್ಞಾನಕ್ಕೆ, ಅವರು ತಮ್ಮ ಕೈಯಾರೆ ಇಪ್ಪತ್ತೇಳು ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದರು.

ಮಕ್ಕಳು ಬೆನ್ನ ಹಿಂದೆ ಅವರನ್ನು ‘ಭವಿಷ್ಯದ ಮೇಡಂ’ ಎನ್ನುತ್ತಿದ್ದರು. ಶಾಲೆ ಮುಗಿಸುವ ಮಕ್ಕಳಿಗೆ ಪರೀಕ್ಷೆ ಕೊಟ್ಟು, ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ಕಾಗದದಲ್ಲಿ ಬರೆದುಕೊಡುವುದು ಅವರ ಉದ್ಯೋಗ. ಉತ್ತರ ಪತ್ರಿಕೆಯ ಸಾಲುಗಳಿಗೆ ಬರೀ ಅಂಕಿ ಇರುತ್ತದೆ. ಯಾವ ಸಾಲು ಯಾವ ಸಾಮರ್ಥ್ಯ ಎಂದು ತಿಳಿಯಲು ಪಕ್ಕದಲ್ಲಿ ಒಂದು ರಟ್ಟಿನ ಪಟ್ಟಿ ಇಟ್ಟುಕೊಂಡು ನೋಡಬೇಕು. ಪ್ರತಿ ವರ್ಷ ಹೊಸ ಪಟ್ಟಿ ಬರುತ್ತದೆ, ಪ್ರತಿ ವರ್ಷ ಅದು ಹಳೆಯದರ ಹಾಗೆಯೇ ಇರುತ್ತದೆ. ಈ ವರ್ಷ ಮಾತ್ರ ಯಾರೋ ಪುಣ್ಯಾತ್ಮರು ಮೂರನೆಯ ಸಾಲನ್ನೂ ಏಳನೆಯದನ್ನೂ ಅದಲುಬದಲು ಮಾಡಿದ್ದರು. ಹೊಸ ಪಟ್ಟಿ ಕವರಿನಲ್ಲೇ ಉಳಿದಿತ್ತು. ಮೇಡಂ ಹೋದ ವರ್ಷದ್ದನ್ನೇ ಇಟ್ಟುಕೊಂಡು ನೂರಾ ಹನ್ನೆರಡು ಮಕ್ಕಳ ಲೆಕ್ಕ ಮುಗಿಸಿದ್ದರು. ಬೀರು ಜೋಡಿಸುವಾಗ ಆ ಕವರು ಇವತ್ತು ಕೈಗೆ ಸಿಕ್ಕಿತು.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಇಪ್ಪತ್ತಾರು ವರ್ಷ “ನಿಂಗೇನಿಷ್ಟ?” ಎಂದು ಕೇಳಿ ಕೇಳಿ, ಉತ್ತರ ಕಿವಿಗೆ ಬೀಳುವುದು ಯಾವಾಗ ನಿಂತಿತೋ ಅವರಿಗೇ ಗೊತ್ತಿರಲಿಲ್ಲ. ಎದ್ದು ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಬಸ್ಸು ತಡವಾಯಿತು ಎನ್ನುವಷ್ಟೇ ಸಲೀಸಾಗಿ ವಿಷಯ ಹೇಳಿದರು.

“ಅಯ್ಯೋ, ಬಿಟ್ಟಾಕಿ ಮೇಡಂ,” ಎಂದರು ಹೆಡ್‌ಮಾಸ್ತರರು. “ಮನೇಲಿ ಏನು ಹೇಳ್ತಾರೋ ಅದನ್ನ ತಗೊಂಡು ಹೋಗ್ತಾರೆ ಎಲ್ಲರೂ. ನಿಮ್ಮ ಕಾಗದ ನೋಡ್ಕೊಂಡು ಯಾರು ತಾನೇ ಕೋರ್ಸ್ ತಗೊಂಡಿದಾರೆ?”

“ಒಬ್ಬಳು ತಗೊಂಡಿದಾಳೆ ಸರ್.”

“ಯಾರಪ್ಪಾ ಅದು?”

“ಗೋಡೆ.”

ಹತ್ತು ವರ್ಷ ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿಯೇ ಕೂತಿದ್ದವಳು ಅವಳು. ಮೇಷ್ಟ್ರುಗಳ ಬಾಯಲ್ಲೂ ಹೆಸರು ಅದೇ ಆಗಿತ್ತು. ಅವಳ ಸೋದರತ್ತೆ ತಾನು ದುಡಿಯುವ ಸಂಸ್ಥೆಯಲ್ಲೇ ಕಚೇರಿ ಕೆಲಸದ ತರಬೇತಿಗೆ ಒಂದು ಸೀಟು ಹೇಳಿಟ್ಟಿದ್ದಳು. ಮೇಡಂ ಕೊಟ್ಟ ಕಾಗದ ನೋಡಿದ ಹುಡುಗಿ ಅದನ್ನು ಬೇಡವೆಂದು, ಜೀವಮಾನದಲ್ಲಿ ಮೊದಲ ಸಲ ಹಟ ಹಿಡಿದು, ಹೊಲಿಗೆ ಯಂತ್ರ ರಿಪೇರಿ ಕಲಿಸುವ ಶಾಲೆಗೆ ಸೇರಿದ್ದಳು. ಅಲ್ಲಿ ಮೂರು ತಿಂಗಳಿಗೆ ಒಂದು ಪರೀಕ್ಷೆ. ನಪಾಸಾದವರನ್ನು ಮನೆಗೆ ಕಳಿಸಿಬಿಡುತ್ತಾರೆ. ಅಷ್ಟರಲ್ಲಿ ಅತ್ತೆಯ ಕಡೆಯ ಸೀಟೂ ಇರುವುದಿಲ್ಲ. ಕೋರ್ಸು ಬದಲಿಸುವ ಅರ್ಜಿ ಅತ್ತೆಯ ಸಂಸ್ಥೆಗೆ ಮುಟ್ಟಲು ಇವತ್ತು ಸಂಜೆ ಐದೇ ಕೊನೆ.

ಮೇಡಂ ಬದಲಾವಣೆಯ ಅರ್ಜಿಯನ್ನು ತಾವೇ ತುಂಬಿ, ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ವರ್ಕ್‌ಶಾಪು ಉದ್ದನೆಯ ಷೆಡ್ಡು. ಎಣ್ಣೆ, ಕಬ್ಬಿಣದ ವಾಸನೆ. ಹುಡುಗಿ ಕಿಟಕಿಯ ಪಕ್ಕದ ಮೇಜಿನಲ್ಲಿ, ಗೋಡೆಗೆ ಒರಗದೆ, ಒಂದು ಹಳೆಯ ಯಂತ್ರದ ಹೊಟ್ಟೆ ಬಿಚ್ಚಿ ಕೂತಿದ್ದಳು. ತುಟಿ ಕಚ್ಚಿಕೊಂಡಿದ್ದಳು. ಕೆನ್ನೆಗೆಲ್ಲ ಮಸಿ.

“ಕೈ ಹೇಗಿದೆ ಇವಳದು?” ಎಂದು ಮೇಡಂ ಬಾಗಿಲ ಬಳಿ ಸಿಕ್ಕ, ಕೆಲಸ ಕಲಿಸುವ ಮೇಸ್ತ್ರಿಯನ್ನು ಕೇಳಿದರು.

ಮೇಸ್ತ್ರಿ ನಕ್ಕ. “ಕೈ ಕೇಳ್ಬೇಡಿ ತಾಯಿ! ಒಂದು ಬಿಚ್ಚಿದ್ರೆ ಎರಡು ಮುರೀತಾಳೆ. ಆದ್ರೆ ಬೆಳಿಗ್ಗೆ ನಾನು ಬೀಗ ತೆಗೆಯೋಕೆ ಮೊದ್ಲೇ ಬಾಗಿಲಲ್ಲಿ ನಿಂತಿರ್ತಾಳೆ. ಊಟಕ್ಕೆ ಎಬ್ಬಿಸೋದೇ ಒಂದು ಕೆಲಸ ಆಗೋಗಿದೆ ನಂಗೆ.”

ಹುಡುಗಿ ಮೇಡಂರನ್ನು ಕಂಡು ಗಡಬಡಿಸಿ ಎದ್ದಳು. ಮುಖವೆಲ್ಲ ಅರಳಿತು. “ಮೇಡಂ! ನೀವು ಕೊಟ್ಟ ಕಾಗದ ಅಪ್ಪ ಬೀರು ಬಾಗಿಲಿಗೆ ಅಂಟಿಸಿದಾರೆ. ಬಂದೋರಿಗೆಲ್ಲ ತೋರಿಸ್ತಾರೆ.”

ಮೇಡಂ ಸುತ್ತಿ ಬಳಸಿ ಮಾತಾಡಲಿಲ್ಲ. ಪಟ್ಟಿ ಅದಲುಬದಲಾಗಿದ್ದನ್ನು ಹೇಳಿದರು. ಯಂತ್ರಜ್ಞಾನದಲ್ಲಿ ನಾಲ್ಕು, ಹೆಸರು ಅಂಕಿಗಳನ್ನು ತಾಳೆ ನೋಡಿ ತಪ್ಪು ಹಿಡಿಯುವುದರಲ್ಲಿ ಇಪ್ಪತ್ತೇಳು ಎಂದರು. ಮೂರು ತಿಂಗಳ ಪರೀಕ್ಷೆಯ ಮಾತನ್ನೂ ಹೇಳಿದರು. ಹೇಳುತ್ತ ಹೇಳುತ್ತ ತಮ್ಮ ದನಿ ಬೇರೆ ಯಾರದೋ ಎಂಬಂತೆ ಅವರಿಗೆ ಕೇಳಿಸುತ್ತಿತ್ತು.

ಹುಡುಗಿ ಕೈಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು. “ತಪ್ಪು ನಂದಾ ಮೇಡಂ?”

“ಅಲ್ಲಮ್ಮಾ. ನಂದು.”

“ಸದ್ಯ,” ಎಂದಳು. ಆಮೇಲೆ, ಯಂತ್ರದ ಕಡೆ ನೋಡುತ್ತ, “ಆದ್ರೆ ಮೇಡಂ, ಇಷ್ಟ ಆಗೋಗಿದೆಯಲ್ಲ. ಅದನ್ನ ಏನ್ಮಾಡ್ಲಿ?”

ಇಪ್ಪತ್ತಾರು ವರ್ಷದಲ್ಲಿ ಮೇಡಂಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

“ನಿಂಗೆ ಬೇಕಂದ್ರೆ ಇಲ್ಲೇ ಇರಬಹುದು. ಬಲವಂತ ಇಲ್ಲ,” ಎಂದರು ಕೊನೆಗೆ.

“ನೀವೇ ಹೇಳಿ. ಹೋದ ಸಲ ನೀವು ಹೇಳಿದ್ದೇ ಇಷ್ಟ ಆಯ್ತಲ್ಲ ನಂಗೆ.”

ಮೇಡಂ ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟು, ಪೆನ್ನು ಕೊಟ್ಟರು. ಹುಡುಗಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಗ್ಗಿದಳು. ಬಗ್ಗಿದ್ದಷ್ಟೇ, ಓದುವಷ್ಟು ಹೊತ್ತೂ ಆಗಿರಲಿಲ್ಲ.

“ಮೇಡಂ, ನನ್ನ ನಂಬರು ತಪ್ಪು ಬರ್ದಿದೀರಿ. ಎಪ್ಪತ್ತೊಂದು ಅಲ್ಲ, ಹದಿನೇಳು. ಕೆಳಗಡೆ ತಾರೀಖೂ ನಿನ್ನೇದು ಹಾಕಿದೀರಿ.”

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹೌದು. ಎರಡೂ ತಪ್ಪು. ತಲೆಯೆತ್ತಿದರೆ ಹುಡುಗಿ ಅವರನ್ನೇ ನೋಡುತ್ತಿದ್ದಳು. ಇಪ್ಪತ್ತೇಳು ಎಂದರೆ ಏನೆಂದು ಆ ಕ್ಷಣ ಅವಳಿಗೂ ಗೊತ್ತಾಗಿತ್ತು. ಮುಖದಲ್ಲಿ ಅರಳಿದ್ದದ್ದು ಮೆಲ್ಲಗೆ ಆರಿತು. ಎಷ್ಟೋ ವರ್ಷದ ಮೇಲೆ ಒಂದು ಉತ್ತರ, ಅವಳು ಆಗಲೇ ಹೇಳಿದ ‘ಇಷ್ಟ ಆಗೋಗಿದೆಯಲ್ಲ’, ಮೇಡಂ ಕಿವಿಗೆ ಬಿತ್ತು.

ಹುಡುಗಿ ಎರಡೂ ಕಡೆ ತಪ್ಪನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ಸರಿಯಾದ್ದನ್ನು ಅಚ್ಚುಕಟ್ಟಾಗಿ ಬರೆದಳು. ಕೆಳಗೆ ಸಹಿ ಹಾಕಿದಳು. ಮಡಿಸಿ ಮೇಡಂ ಕೈಗೆ ಕೊಟ್ಟಳು.

“ಇವತ್ತು ಐದು ಗಂಟೆ ತನಕ ಇಲ್ಲೇ ಇರ್ಲಾ ಮೇಡಂ?”

“ಇರಮ್ಮಾ.”

ಗಂಟೆ ನಾಲ್ಕೂ ಕಾಲು. ಬಸ್ಸು ಸಿಕ್ಕರೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದಿತ್ತು. ಮೇಡಂ ಷೆಡ್ಡಿನಿಂದ ಹೊರಬಂದು ಗೇಟಿನವರೆಗೆ ಹೋಗಿ, ಅರ್ಜಿ ಹಿಡಿದುಕೊಂಡೇ ನಿಂತರು. ಒಳಗೆ, ಕಿಟಕಿಯ ಪಕ್ಕದ ಮೇಜಿನ ಕಡೆಯಿಂದ, ಹೊಲಿಗೆ ಯಂತ್ರವೊಂದು ಓಡುವ ಸದ್ದು ಕೇಳಿಸಿತು. ನಾಲ್ಕು ಹೊಲಿಗೆ ಓಡಿ ಕಟಕ್ಕನೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ನಾಲ್ಕು ಹೊಲಿಗೆ ಓಡಿತು.