ಮೂವತ್ತಾರು ಕಿಲೋಮೀಟರ್

ಸೂಟ್‌ಕೇಸಿನ ಹಿಡಿಗೆ ಕೊಕ್ಕೆ ಸಿಕ್ಕಿಸಿ ಶಿವರಂಜನಿ ಕೈಬಿಟ್ಟಳು. ತೊಲೆಗೆ ತೂಗುಹಾಕಿದ್ದ ಅರಿಸಿನ ತೂಗುವ ಮುಳ್ಳಿನ ತಕ್ಕಡಿ ಕಿರುಗುಟ್ಟಿ ನಿಂತಿತು.

"ವಿಮಾನಕ್ಕೆ ಮೂವತ್ತೇ ಕೆಜಿ, ಇದು ಎರಡು ಕೆಜಿ ಜಾಸ್ತಿ ಕಣವ್ವ. ಏನಾದ್ರೂ ತೆಗೀಬೇಕು."

"ಸೀರೆ ತೆಗಿ. ಬಾಣಂತಿ ಖಾರದ ಡಬ್ಬಿ ಮಾತ್ರ ಮುಟ್ಟಬ್ಯಾಡ," ಎಂದಳು ಅವ್ವ ಪುಟ್ಟಬಸಮ್ಮ, ಮಂಚದ ಮೇಲಿಂದಲೇ.

ಶಿವರಂಜನಿ ಸೂಟ್‌ಕೇಸ್ ಇಳಿಸಿ ತೆರೆದಳು. ಮೊದಲು ಕೈಗೆ ಸಿಕ್ಕಿದ್ದೇ ಆ ಡಬ್ಬಿ. ಆರು ವರ್ಷದ ಹಿಂದೆ ಅವಳಿಗೆ ಎರಡನೆಯ ಮಗು ಆದಾಗ ಇಂಥದ್ದೇ ಒಂದು ಡಬ್ಬಿ ಗುಂಡ್ಲುಪೇಟೆಯ ಅವಳ ಮನೆಗೆ ಬಂದಿತ್ತು, ಬಸ್ ಕಂಡಕ್ಟರನ ಕೈಲಿ. ಅವ್ವ ಬಂದಿರಲಿಲ್ಲ. ದಾರಿಯ ತೆರಕಣಾಂಬಿ ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ, ಬಸ್ಸು ತನಗಾಗದು ಎಂದಿದ್ದಳು. ತವರು ಚಾಮರಾಜನಗರದಿಂದ ಅಲ್ಲಿಗೆ ಮೂವತ್ತಾರು ಕಿಲೋಮೀಟರ್. ಒಂದು ಗಂಟೆ. ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಈಗ ಆಕ್ಲೆಂಡಿನಲ್ಲಿ ಅಕ್ಕ ರೂಪಶ್ರೀಗೆ ದಿನ ತುಂಬಿದೆ. ಅವ್ವ ಹೊರಟು ನಿಂತಿದ್ದಾಳೆ.

"ಎಷ್ಟು ದೂರವಂತೆ ಪ್ರಸಾದ?" ಅವ್ವನಿಗೂ ಕೇಳಿಸಲೆಂದೇ ಶಿವರಂಜನಿ ತಮ್ಮನನ್ನು ವಿಚಾರಿಸಿದಳು. ಹದಿನೈದು ದಿನದಿಂದ ಮೊಬೈಲಿನಲ್ಲಿ ಅದನ್ನೇ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು.

"ಸಿಂಗಪುರಕ್ಕೆ ಮೂರು ಸಾವಿರ ಚಿಲ್ಲರೆ ಕಿಲೋಮೀಟರ್, ಅಲ್ಲಿಂದ ಇನ್ನೆಂಟು ಸಾವಿರದ ಮೇಲೆ. ಕಾಯೋದೂ ಸೇರಿ ಹದಿನೆಂಟು ಗಂಟೆ ಕಣಕ್ಕ," ಎಂದ ಬಸವಪ್ರಸಾದ್.

"ಟಿಕೆಟ್ ಸರಿಯಾಗಿ ನೋಡ್ಲಾ. ಮಂಗಳವಾರ ರಾತ್ರಿ ಹತ್ತಿದ್ರೆ ಇಳಿಯೋದು ಗುರುವಾರ," ಎಂದಳು ಶಿವರಂಜನಿ.

"ಅಲ್ಲಿ ಗಡಿಯಾರ ನಮಗಿಂತ ಮುಂದೆ ಓಡ್ತದೆ."

ಶಿವರಂಜನಿ ಅವ್ವನ ಕಡೆ ತಿರುಗಿದಳು. "ಲಿಂಗಪೂಜೆ ಆಗ್ದೆ ಬಾಯಿಗೆ ನೀರೂ ಬುಡಲ್ಲ ನೀನು. ದಾರೀಲಿ ಏನ್ ಮಾಡೀಯೆ?"

"ಸಿಂಗಪುರದಲ್ಲಿ ಮುಖ ತೊಳ್ಕೊಂಡು ಒಂದು ಮೂಲೇಲಿ ಕೂತು ಮಾಡ್ಕೋತೀನಿ. ಶಿವ ಅಲ್ಲಿಲ್ವಾ?"

"ನಮ್ಮನೇಲಿ ಮಾತ್ರ ಪೂಜೆಗೆ ಜಾಗ ಸಾಲದು ಅಂದಿದ್ದೆ ನೀನು."

"ನೋಡ್ಲಾ ಪ್ರಸಾದ, ಎಷ್ಟ್ ವರ್ಷದ್ದು ಒಟ್ಟೇಲಿ ಇಟ್ಕೊಂಡವಳೆ!" ಪುಟ್ಟಬಸಮ್ಮ ನಕ್ಕಳು.

"ನಗು, ನಗು. ವಾಂತಿ ಬಂದ್ರೆ ನಿಲ್ಸಿ ಅಂತ ಕೂಗ್ಕೊಂಡ್ರೂ ವಿಮಾನ ನಿಲ್ಸಲ್ಲ ಕಣವ್ವ."

ಪುಟ್ಟಬಸಮ್ಮನ ನಗು ಇಳಿಯಿತು. ಕೈ ಕೊರಳಿನ ಲಿಂಗದ ಕರಡಿಗೆಯನ್ನು ಹುಡುಕಿತು. ಅದನ್ನು ನೋಡಿ ಶಿವರಂಜನಿಗೆ ಹೊಟ್ಟೆ ತಣ್ಣಗಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಬಸವಪ್ರಸಾದ್ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದ. "ಅದಕ್ಕೇ ಡಾಕ್ಟ್ರು ಇದು ಕೊಟ್ಟವ್ರೆ. ಮೊದ್ಲು ಒಂದ್ಸಲ ನುಂಗಿ ನೋಡಿ ಅಂದವ್ರೆ. ಅಕ್ಕ, ನಾಳೆ ನೀನು ಓಗುವಾಗ ಅವ್ವನ್ನೂ ಬಸ್ಸಲ್ಲಿ ಕರ್ಕೊಂಡೋಗು. ಗುಂಡ್ಲುಪೇಟೆವರ್ಗೆ ತಡುದ್ರೆ ಆಕ್ಲೆಂಡಿಗೂ ತಡೀತದೆ."

ಪುಟ್ಟಬಸಮ್ಮನ ಮುಖ ಅರಳಿತು. "ಊಂ ಕಣಮ್ಮಿ! ನಾಳೆ ಬತ್ತೀನಿ. ಮಾತ್ರೆ ನೋಡ್ದಂಗೂ ಆಯ್ತದೆ, ನಿನ್ನ ಮಕ್ಕಳ್ನ ನೋಡ್ದಂಗೂ ಆಯ್ತದೆ. ಆರು ವರ್ಷದಿಂದ ಕರೀತಾನೇ ಇದ್ದೀಯಲ್ಲ."

ಶಿವರಂಜನಿ ನಾಲ್ಕು ಸೀರೆ ತೆಗೆದು ಮಂಚದ ಮೇಲಿಟ್ಟಳು. ಖಾರದ ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು, ಅಲುಗಾಡದ ಹಾಗೆ ಒಳಗಿದ್ದ ಟವೆಲನ್ನೇ ಸುತ್ತಿದಳು. ಜಿಪ್ ಎಳೆದು ಸೂಟ್‌ಕೇಸನ್ನು ಮತ್ತೆ ಕೊಕ್ಕೆಗೆ ಹಾಕಿದಳು. ಮುಳ್ಳು ಸರಿಯಾಗಿ ಮೂವತ್ತಕ್ಕೆ ಬಂದು ನಿಂತಿತು.

"ಬೆಳಿಗ್ಗೆ ಎಷ್ಟೊತ್ಗೆ ಬಸ್ಸು?" ಪುಟ್ಟಬಸಮ್ಮ ಕೇಳಿದಳು.

"ಬ್ಯಾಡ ಕಣವ್ವ," ಎಂದಳು ಶಿವರಂಜನಿ. "ಮಾತ್ರೆ ನೋಡಕ್ಕೆ ಅಂತ ನಮ್ಮನೆಗೆ ನೀನು ಬರಬ್ಯಾಡ."